ಹೆಡ್‌ಲೈಟ್ ಹೊಡೆದ ಮೇಲೆ ಮೂರು ಸೆಕೆಂಡ್

ಹೋದ ಮಳೆಗಾಲ ಮುಗಿಯುವ ಹೊತ್ತು. ಸಕಲೇಶಪುರದಿಂದ ಮೂಡಿಗೆರೆ ಕಡೆಗೆ ರಾತ್ರಿ ಎಂಟೂವರೆಗೆ ಜೀಪಿನಲ್ಲಿ ಹೊರಟಿದ್ದೆವು. ಓಡಿಸುತ್ತಿದ್ದವರು ನಮ್ಮ ಪಕ್ಕದ ಊರಿನವರು. ಇಪ್ಪತ್ತು ವರ್ಷದಿಂದ ಘಾಟಿ ರಸ್ತೆಯಲ್ಲೇ ಸ್ಟೀರಿಂಗ್ ಹಿಡಿದವರು. ಒಂದು ತಿರುವಿನಲ್ಲಿ ಎದುರಿನಿಂದ ಕಾರು ಬಂತು. ಬಿಳಿ ಬೆಳಕು. ಡಿಮ್ ಇಲ್ಲ, ಡಿಪ್ ಇಲ್ಲ. ನನ್ನ ಪಾಲಿಗೆ ರಸ್ತೆಯೇ ಮಾಯವಾಯಿತು. ಕಾರು ದಾಟಿದ್ದೇ ತಡ, ನಮ್ಮ ಡ್ರೈವರ್ ಬ್ರೇಕ್ ಒತ್ತಿ ಬಲಕ್ಕೆ ಎಳೆದರು. ಎಡಗಡೆ ಅಂಚಿನಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡ ಅಜ್ಜ ಒಬ್ಬರು ನಡೆದುಕೊಂಡು ಹೋಗುತ್ತಿದ್ದರು. ನನಗೆ ಅವರು ಕಂಡದ್ದು ಜೀಪು ಅವರ ಪಕ್ಕಕ್ಕೆ ಬಂದ ಮೇಲೆ.

"ನಿಮಗೆ ಹೆಂಗೆ ಕಾಣ್ತು ಅಣ್ಣ?" ಅಂದೆ.

"ಒಂದು ಕಣ್ಣು ಮುಚ್ಕೊಂಡಿದ್ದೆ ಮೇಷ್ಟ್ರೇ. ಅವ್ನು ದಾಟಿದ್ಮೇಲೆ ಬಿಟ್ಟೆ" ಅಂದರು.

ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ಕಣ್ಣಿನ ಪಾಠ ಮಾಡುವವನು ನಾನು. ಬೋರ್ಡಿನ ಮೇಲೆ ಕಾರ್ನಿಯಾ, ಮಸೂರ, ರೆಟಿನಾ ಎಲ್ಲ ಬರೆದು ಬಾಣದ ಗುರುತು ಹಾಕುತ್ತೇನೆ. ಆದರೆ ಈ ಒಂದು ಕಣ್ಣಿನ ಉಪಾಯ ನನಗೆ ಹೊಳೆದಿರಲಿಲ್ಲ. ಹೆಡ್‌ಲೈಟಿನ ಬಗ್ಗೆ ಈಗ ಎಲ್ಲ ಕಡೆ ಜಗಳ ನಡೆಯುತ್ತಿದೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕುವುದಕ್ಕೆ ವಿಶೇಷ ಕಾರ್ಯಾಚರಣೆಯನ್ನೇ ಶುರು ಮಾಡಿದರು. ಆವಾಗಿನಿಂದ ಮಾತೆಲ್ಲ ದಂಡ ಮತ್ತು ಮರ್ಯಾದೆಯ ಸುತ್ತಲೇ ತಿರುಗುತ್ತಿದೆ. ಎದುರಿಗೆ ಗಾಡಿ ಬಂದಾಗ ಬೆಳಕನ್ನು ಕೆಳಕ್ಕೆ ಇಳಿಸದವನಿಗೆ, ಅಂದರೆ ಡಿಪ್ ಮಾಡದವನಿಗೆ, ಬುದ್ಧಿ ಇಲ್ಲ, ಇಷ್ಟೇ. ಬುದ್ಧಿ ಇಲ್ಲದಿರುವುದು ನಿಜ. ಆದರೆ ಆ ಹೊತ್ತಿಗೆ ನಮ್ಮ ಕಣ್ಣಿನೊಳಗೆ ಏನಾಗುತ್ತದೆ ಅನ್ನುವುದನ್ನು ಬಿಟ್ಟು ಈ ಜಗಳ ಆಡಿದರೆ, ಹಿಡಿಯಬೇಕಾದ ತಪ್ಪು ಒಂದು, ಹಿಡಿಯುವುದು ಇನ್ನೊಂದು ಆಗುತ್ತದೆ.

ಮೊದಲು ಪಾಪೆ. ಕತ್ತಲೆಯಲ್ಲಿ ಕಣ್ಣಪಾಪೆ ಅಗಲವಾಗುತ್ತದೆ, ಬೆಳಕಿಗೆ ಕಿರಿದಾಗುತ್ತದೆ ಅನ್ನುವುದು ಮಕ್ಕಳಿಗೂ ಗೊತ್ತು. ಕಣ್ಣು ಬೆಳಕಿಗೆ ಹೊಂದಿಕೊಳ್ಳುವುದು ಇದರಿಂದಲೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿ. ಪಾಪೆ ತೀರಾ ಕಿರಿದಾದರೆ ಸುಮಾರು 2 ಮಿಲಿಮೀಟರ್, ಪೂರ್ತಿ ಅಗಲವಾದರೆ ಸುಮಾರು 8. ಅಂದರೆ ಒಳಗೆ ಬರುವ ಬೆಳಕಿನಲ್ಲಿ ಹೆಚ್ಚೆಂದರೆ 16 ಪಟ್ಟು ವ್ಯತ್ಯಾಸ. ಹುಣ್ಣಿಮೆ ಬೆಳಕಿಗೂ ಮಧ್ಯಾಹ್ನದ ಬಿಸಿಲಿಗೂ ಇರುವ ಅಂತರ ಲಕ್ಷಗಟ್ಟಲೆ ಪಟ್ಟು. ನಾವು ಎರಡರಲ್ಲೂ ನಡೆದಾಡುತ್ತೇವೆ, ಅಲ್ವಾ? ಹಾಗಾದರೆ ಉಳಿದ ಕೆಲಸ ಪಾಪೆಯದಲ್ಲ. ಅದು ಕಣ್ಣಿನ ಹಿಂಭಾಗದ ರೆಟಿನಾದ್ದು.

ರೆಟಿನಾದಲ್ಲಿ ಎರಡು ಜಾತಿಯ ಕೋಶಗಳಿವೆ. ಪಠ್ಯಪುಸ್ತಕದಲ್ಲಿ ದಂಡಕೋಶ, ಶಂಕುಕೋಶ ಅಂತ ಇರುತ್ತದೆ. ನಾನು ಕ್ಲಾಸಿನಲ್ಲಿ ರಾಡ್, ಕೋನ್ ಅನ್ನುತ್ತೇನೆ, ಮಕ್ಕಳಿಗೆ ಬೇಗ ಬಾಯಿಗೆ ಬರುತ್ತದೆ. ಕೋನ್‌ಗಳು ಒಂದು ಕಣ್ಣಿಗೆ ಸುಮಾರು 60 ಲಕ್ಷ. ಹಗಲಿನವು ಇವು. ಬಣ್ಣ, ಅಕ್ಷರ, ಮುಖದ ಗುರುತು ಎಲ್ಲ ಇವುಗಳಿಂದ. ರಾಡ್‌ಗಳು ಸುಮಾರು 12 ಕೋಟಿ. ಇವು ಕತ್ತಲೆಯವು. ಇವಕ್ಕೆ ಬಣ್ಣ ತಿಳಿಯುವುದಿಲ್ಲ, ಸೂಕ್ಷ್ಮ ವಿವರವೂ ತಿಳಿಯುವುದಿಲ್ಲ. ಆದರೆ ಬೆಳಕಿನ ಒಂದು ಕಣ ಬಂದು ತಾಗಿದರೂ ಇವಕ್ಕೆ ಗೊತ್ತಾಗುತ್ತದೆ.

ರಾಡ್‌ನೊಳಗೆ ರೊಡಾಪ್ಸಿನ್ ಅನ್ನುವ ವಸ್ತು ಇದೆ. ಅದರ ಹೊಟ್ಟೆಯಲ್ಲಿ ವಿಟಮಿನ್ ಎ ಇಂದ ಮಾಡಿದ ಒಂದು ಸೊಟ್ಟ ಅಣು ಕೂತಿರುತ್ತದೆ. ಬೆಳಕು ತಾಗಿದ ಕೂಡಲೇ ಆ ಅಣು ನೆಟ್ಟಗಾಗುತ್ತದೆ. ಆ ಅಲುಗಾಟದಿಂದಲೇ ಮೆದುಳಿಗೆ ಹೋಗುವ ಸುದ್ದಿ ಹುಟ್ಟುವುದು. ನಾನು ಇದನ್ನು ಇಲಿಬೋನಿಗೆ ಹೋಲಿಸುತ್ತೇನೆ. ಬೋನು ಒಂದು ಸಲ ಟಪ್ ಎಂದು ಬಿದ್ದರೆ ಇನ್ನೊಂದು ಇಲಿ ಬಂದರೆ ಹಿಡಿಯುವುದಿಲ್ಲ. ಮತ್ತೆ ಯಾರಾದರೂ ಬಂದು ಹೂಡಿ ಇಡಬೇಕು. ರಾಡ್‌ನದೂ ಹಾಗೇ. ನೆಟ್ಟಗಾದ ಅಣು ಪಕ್ಕದ ಪದರಕ್ಕೆ ಹೋಗಿ, ಅಲ್ಲಿ ಮತ್ತೆ ಸೊಟ್ಟಗಾಗಿ, ವಾಪಸ್ ಬರಬೇಕು. ಬೀಳುವುದಕ್ಕೆ ಕ್ಷಣ ಸಾಕು, ಹೂಡುವುದಕ್ಕೆ ಹೊತ್ತು ಬೇಕು. ಪೂರ್ತಿ ಬೆಳಕಿನಿಂದ ಪೂರ್ತಿ ಕತ್ತಲೆಗೆ ಬಂದರೆ ಕೋನ್‌ಗಳು ಹತ್ತು ನಿಮಿಷದೊಳಗೆ ತಮ್ಮ ಮಟ್ಟಿಗೆ ಹೊಂದಿಕೊಳ್ಳುತ್ತವೆ. ರಾಡ್‌ಗಳಿಗೆ ಅರ್ಧ ಗಂಟೆಗೂ ಜಾಸ್ತಿ ಬೇಕು.

ವಿಟಮಿನ್ ಎ ಕಡಿಮೆಯಾದರೆ ಬೋನು ಮಾಡುವುದಕ್ಕೇ ಸಾಮಾನು ಇಲ್ಲ. ಅದೇ ಇರುಳುಗಣ್ಣು. ಕಣ್ಣಿನಲ್ಲಿ ಈ ವಿಟಮಿನ್‌ನ ಕೆಲಸ ಏನು ಅಂತ ಕಂಡುಹಿಡಿದ ವಿಜ್ಞಾನಿ ಜಾರ್ಜ್ ವಾಲ್ಡ್‌ಗೆ 1967ರಲ್ಲಿ ನೊಬೆಲ್ ಬಂತು. ನುಗ್ಗೆಸೊಪ್ಪು ತಿನ್ನಿ ಅಂತ ಅಂಗನವಾಡಿಯಲ್ಲಿ ಹೇಳುವುದು ಸುಮ್ನೆ ಅಲ್ಲ.

ಈಗ ಹೆಡ್‌ಲೈಟಿಗೆ ಬರೋಣ. ಒಂದು ಮಾತು ಮೊದಲೇ ಹೇಳಬೇಕು. ಎದುರಿನ ಕಾರಿನ ಲೈಟು ಒಂದು ಸಲ ಬಿದ್ದರೆ ಎಲ್ಲ ಬೋನುಗಳೂ ಬಿದ್ದುಹೋಗುವುದಿಲ್ಲ. ನಮ್ಮದೇ ಹೆಡ್‌ಲೈಟಿನ ಬೆಳಕು ರಸ್ತೆಯ ಮೇಲೆ ಇರುವುದರಿಂದ ಡ್ರೈವರ್ ಕಣ್ಣು ಪೂರ್ತಿ ಕತ್ತಲೆಗೆ ಹೊಂದಿಕೊಂಡೂ ಇರುವುದಿಲ್ಲ. ಅವರ ಕಣ್ಣು ಮುಸ್ಸಂಜೆಯ ಹೊತ್ತಿನ ಕಣ್ಣು, ಕೋನೂ ಅರೆಬರೆ, ರಾಡೂ ಅರೆಬರೆ. ಹಾಗಾಗಿ ಅರ್ಧ ಗಂಟೆಯ ಲೆಕ್ಕ ಇಲ್ಲಿ ಬರುವುದಿಲ್ಲ. ಕೆಲವು ಸೆಕೆಂಡ್ ಸಾಕು. ವಯಸ್ಸು ಎಷ್ಟು, ಬೆಳಕು ಎಷ್ಟು ಜೋರು ಅನ್ನುವುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಲೆಕ್ಕಕ್ಕೆ ಮೂರು ಸೆಕೆಂಡ್ ಅನ್ನಿ. ಗಂಟೆಗೆ 60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಮೂರು ಸೆಕೆಂಡಿಗೆ 50 ಮೀಟರ್. ಘಾಟಿ ಅಂತ 40ಕ್ಕೆ ಇಳಿಸಿದರೂ 33 ಮೀಟರ್. ಅಷ್ಟು ದೂರ ನಾವು ನೆನಪಿನ ಮೇಲೆ ಗಾಡಿ ಓಡಿಸುತ್ತೇವೆ. ಬೆಳಕು ಬೀಳುವ ಮೊದಲು ರಸ್ತೆ ಹೇಗಿತ್ತೋ ಹಾಗೇ ಇದೆ ಅಂತ ನಂಬಿಕೊಂಡು.

ಇದು ಕಾರು ದಾಟಿದ ಮೇಲಿನ ಕಥೆ. ಕಾರು ಇನ್ನೂ ಎದುರಿಗೆ ಇರುವಾಗ ಆಗುವುದು ಬೇರೆ, ಮತ್ತು ನನ್ನ ಪ್ರಕಾರ ಅದೇ ಜಾಸ್ತಿ ಅಪಾಯ. ಟೂರಿಂಗ್ ಟಾಕೀಸ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಗಲು ಆಟದ ನಡುವೆ ಯಾರೋ ಟೆಂಟಿನ ಪರದೆ ಎತ್ತಿದರೆ ಸಿನಿಮಾ ಮಂಕಾಗುತ್ತದೆ. ಪ್ರೊಜೆಕ್ಟರ್ ನಿಂತಿಲ್ಲ, ಚಿತ್ರ ಅಲ್ಲೇ ಇದೆ. ಆದರೆ ಹೊರಗಿನ ಬೆಳಕು ಸಿನಿಮಾ ಪರದೆಯ ಮೇಲೆಲ್ಲ ಹರಡಿ ಕಪ್ಪು ಬಿಳಿಯ ವ್ಯತ್ಯಾಸ ಅಳಿಸಿಹೋಗುತ್ತದೆ. ಕಣ್ಣಿನಲ್ಲೂ ಅದೇ. ಕಾರ್ನಿಯಾ, ಮಸೂರ ಯಾವುದೂ ಪೂರ್ತಿ ಸ್ವಚ್ಛ ಗಾಜಲ್ಲ. ಜೋರು ಬೆಳಕು ಅವುಗಳ ಮೂಲಕ ಹಾಯುವಾಗ ಚದುರಿ, ರೆಟಿನಾದ ತುಂಬ ತೆಳುವಾದ ಬಿಳಿ ಪರದೆ ಎಳೆದ ಹಾಗೆ ಆಗುತ್ತದೆ. ಕೊಪ್ಪೆ ಹೊದ್ದ ಅಜ್ಜನ ಚಿತ್ರ ರೆಟಿನಾದ ಮೇಲೆ ಬಿದ್ದಿತ್ತು. ಬಿಳಿ ಪರದೆಯ ಕೆಳಗೆ ಮುಚ್ಚಿಹೋಗಿತ್ತು ಅಷ್ಟೇ. ಕಣ್ಣು ಓದುವುದು ಬೆಳಕನ್ನಲ್ಲ, ಅಕ್ಕಪಕ್ಕದ ಬೆಳಕಿನ ವ್ಯತ್ಯಾಸವನ್ನು. ಕಪ್ಪು ಕಂಬಳಿ, ಕಪ್ಪು ಡಾಂಬರು, ಹಿಂದೆ ಕಪ್ಪು ತೋಟ. ಮೊದಲೇ ವ್ಯತ್ಯಾಸ ಕಡಿಮೆ.

ಈ ಚದುರುವಿಕೆ ವಯಸ್ಸಾದಂತೆ ಜಾಸ್ತಿಯಾಗುತ್ತದೆ. ಮಸೂರ ಹಳದಿಯಾಗುತ್ತದೆ, ಮಂಜಾಗುತ್ತದೆ. ಪಾಪೆಯೂ ಮೊದಲಿನಷ್ಟು ಅಗಲವಾಗುವುದಿಲ್ಲ. ಅರವತ್ತರ ವಯಸ್ಸಿನವರ ರೆಟಿನಾಗೆ ಕತ್ತಲೆಯಲ್ಲಿ ಸೇರುವ ಬೆಳಕು ಇಪ್ಪತ್ತರವರಿಗೆ ಸೇರುವುದರ ಸುಮಾರು ಮೂರನೇ ಒಂದು ಭಾಗ. ಬೇಕಾದ ಬೆಳಕು ಕಡಿಮೆ, ಬೇಡದ ಬೆಳಕು ಜಾಸ್ತಿ. ಪೊರೆ ಶುರುವಾದವರಿಗೆ ಹಗಲು ಏನೂ ತೊಂದರೆ ಅನ್ನಿಸದೇ ಇರಬಹುದು. ರಾತ್ರಿ ಎದುರಿನ ಲೈಟಿನ ಸುತ್ತ ಬಳೆ ಬಳೆಯಾಗಿ ಕಂಡರೆ ಅದು ಕಣ್ಣು ಕೊಡುವ ಮೊದಲ ಸುಳಿವು. ನಮ್ಮ ಕಡೆ ಎಸ್ಟೇಟ್ ಜೀಪು, ಪಿಕಪ್ ಓಡಿಸುವವರಲ್ಲಿ ಐವತ್ತು ದಾಟಿದವರು ಎಷ್ಟು ಜನ ಇದ್ದಾರೆ ಅಂತ ಒಂದು ಸಲ ಸ್ಟ್ಯಾಂಡಿನಲ್ಲಿ ನಿಂತು ನೋಡಿ.

ಲೈಸೆನ್ಸಿಗೆ ಹೋದಾಗ ಏನು ಕೇಳುತ್ತಾರೆ? ನಾವು ತುಂಬುವ ಫಾರ್ಮಿನಲ್ಲಿ ಕಣ್ಣಿನ ಬಗ್ಗೆ ಇರುವುದು ಇಷ್ಟು: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ನಂಬರ್ ಪ್ಲೇಟ್ ಓದಬಲ್ಲಿರಾ, ಕೆಂಪು ಹಸಿರು ಗುರುತಿಸಬಲ್ಲಿರಾ, ಇರುಳುಗಣ್ಣು ಇದೆಯೇ. ಹಗಲು ಬೆಳಕಿನಲ್ಲಿ! ಕಣ್ಣಿಗೆ ಲೈಟು ಬಿದ್ದ ಮೇಲೆ ಸುಧಾರಿಸಿಕೊಳ್ಳಲು ಎಷ್ಟು ಹೊತ್ತು ಬೇಕು ಅನ್ನುವ ಪ್ರಶ್ನೆ ಆ ಫಾರ್ಮಿನಲ್ಲಿ ಇಲ್ಲ. ನಂಬರ್ ಪ್ಲೇಟ್ ಚೆನ್ನಾಗಿ ಓದುವ ಕಣ್ಣು ರಾತ್ರಿಯೂ ಚೆನ್ನಾಗಿರುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಏನೂ ಇಲ್ಲ. ಎರಡೂ ಬೇರೆ ಕೋಶಗಳ ಕೆಲಸ.

ಎಲ್‌ಇಡಿಯ ಬಿಳಿ ಬಣ್ಣಕ್ಕೆ ಬೈಯುವವರು ಜಾಸ್ತಿ. ಅದರಲ್ಲಿ ಅರ್ಧ ನಿಜ ಇದೆ. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲೆ ಹಳದಿ ಬೆಳಕು ಕೊಡುವ ಲೇಪ. ಎರಡೂ ಸೇರಿ ಬಿಳಿ. ಆ ನೀಲಿ ಎಲ್‌ಇಡಿ ಮಾಡಿದ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಿಕ್ಕಿತು, ಸಿಗಬೇಕಾದ್ದೇ. ಆದರೆ ಹಳೆಯ ಹ್ಯಾಲೊಜೆನ್ ಬಲ್ಬಿಗೆ ಹೋಲಿಸಿದರೆ ಇದರಲ್ಲಿ ನೀಲಿಯ ಪಾಲು ಜಾಸ್ತಿ. ಒಂದೇ ಪ್ರಮಾಣದ ಬೆಳಕಾದರೂ ನೀಲಿ ಜಾಸ್ತಿ ಇದ್ದರೆ ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ.

ರಾಡ್‌ಗಳಿಗೂ ನೀಲಿ-ಹಸಿರಿನ ಕಡೆಯೇ ಒಲವು. ಇದನ್ನು ನೋಡಲು ಲ್ಯಾಬ್ ಬೇಡ. ಡಿಸೆಂಬರಿನಲ್ಲಿ ಕಾಫಿ ಕುಯ್ಲಿನ ಹೊತ್ತು ಸಂಜೆ ತೋಟದಲ್ಲಿ ಸುಮ್ಮನೆ ನಿಲ್ಲಿ. ಹೊತ್ತು ಮುಳುಗುವ ತನಕ ಹಣ್ಣು ಕೆಂಪಗೆ ಹೊಳೆಯುತ್ತದೆ, ಎಲೆ ಅದರ ಹಿಂದೆ. ಕತ್ತಲಾಗುತ್ತ ಬಂದಂತೆ ಆಟ ತಿರುಗುತ್ತದೆ. ಹಣ್ಣು ಮೊದಲು ಕಪ್ಪಾಗುತ್ತದೆ, ಎಲೆ ಮಾತ್ರ ಇನ್ನೂ ಸ್ವಲ್ಪ ತಿಳಿಯಾಗಿ ಕಾಣುತ್ತಿರುತ್ತದೆ. ಕೋನ್‌ಗಳು ಕೆಲಸ ಬಿಟ್ಟು ರಾಡ್‌ಗಳಿಗೆ ವಹಿಸಿಕೊಡುವ ಹೊತ್ತು ಅದು. ರಾಡ್‌ಗಳಿಗೆ ಕೆಂಪು ಬೆಳಕು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಸುಮಾರು ಇನ್ನೂರು ವರ್ಷದ ಹಿಂದೆ ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ ಹೂಗಳನ್ನು ನೋಡುತ್ತ ಇದನ್ನು ಗುರುತಿಸಿದ. ನಮ್ಮ ಕಾಫಿ ಕುಯ್ಯುವ ಹೆಂಗಸರು ಹೆಸರಿಲ್ಲದೆ ಗುರುತಿಸಿದ್ದಾರೆ. "ಇನ್ನು ಹಣ್ಣು ಕಾಣಲ್ಲ" ಅಂತ ಚೀಲ ಕಟ್ಟುವುದು ಆ ಹೊತ್ತಿಗೇ. ಮುಳ್ಳಯ್ಯನಗಿರಿ ಕಡೆ ನಕ್ಷತ್ರ ನೋಡಲು ಹೋಗುವವರು ಕೆಂಪು ಟಾರ್ಚ್ ಹಿಡಿಯುವುದೂ ಇದಕ್ಕೇ. ಕೆಂಪು ಬೆಳಕಿಗೆ ರಾಡ್‌ನ ಬೋನು ಬೀಳುವುದಿಲ್ಲ.

ಹಾಗಾದರೆ ಹೆಡ್‌ಲೈಟಿಗೆ ಹಳದಿ ಕಾಗದ ಅಂಟಿಸಿದರೆ ಮುಗಿಯಿತೇ? ಫ್ರಾನ್ಸಿನಲ್ಲಿ 1936ರ ಕಾನೂನಿನಿಂದ ಶುರುವಾಗಿ 1993ರ ತನಕ ಹಳದಿ ಹೆಡ್‌ಲೈಟ್ ಕಡ್ಡಾಯವಾಗಿತ್ತು. ಆಮೇಲೆ ಬಿಟ್ಟರು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಅನ್ನುವ ಮಾತು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತ ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ನಿಜವಲ್ಲ. ಚಾರ್ಮಾಡಿಯ ಮಂಜಿನ ಹನಿ ಬೆಳಕಿನ ಅಲೆಗಿಂತ ತುಂಬ ದೊಡ್ಡದು. ಅಷ್ಟು ದೊಡ್ಡ ಹನಿ ನೀಲಿ, ಹಳದಿ, ಕೆಂಪು ಅಂತ ಭೇದ ಮಾಡದೆ ಎಲ್ಲವನ್ನೂ ಒಂದೇ ರೀತಿ ಚದುರಿಸುತ್ತದೆ. ಫಾಗ್ ಲ್ಯಾಂಪ್ ಕೆಲಸ ಮಾಡುವುದು ಬಣ್ಣದಿಂದಲ್ಲ, ಜಾಗದಿಂದ. ಬಂಪರಿನ ಕೆಳಗೆ, ನಮ್ಮ ಕಣ್ಣಿನಿಂದ ಆದಷ್ಟು ದೂರ ಇರುತ್ತದೆ. ಬೆಳಕು ನೆಲಕ್ಕೆ ಹತ್ತಿರ ಹರಡುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಹಾಗಾಗಿ ಕಣ್ಣಿನ ಮುಂದಿನ ಮಂಜು ಬೆಳಗುವುದಿಲ್ಲ. ಮಂಜಿನಲ್ಲಿ ಹೈಬೀಮ್, ಅಂದರೆ ಡಿಪ್ ಮಾಡದ ಬೆಳಕು, ಹಾಕಿದರೆ ಎದುರಿನವರದು ಇರಲಿ, ನಮ್ಮ ಬೆಳಕೇ ನಮಗೆ ವಾಪಸ್ ಹೊಡೆಯುತ್ತದೆ. ನಮ್ಮ ಮುಂದೆ ನಾವೇ ಬಿಳಿ ಗೋಡೆ ಕಟ್ಟಿಕೊಂಡ ಹಾಗೆ.

ಹೀಗಾಗಿ ನನಗೆ ಬಣ್ಣಕ್ಕಿಂತ, ವ್ಯಾಟಿಗಿಂತ, ಬೆಳಕು ಬೀಳುವ ದಿಕ್ಕೇ ಮುಖ್ಯ ಅನ್ನಿಸುತ್ತದೆ. ಹಳೆಯ ಲಾರಿ ಬಸ್ಸುಗಳ ಹೆಡ್‌ಲೈಟಿನ ನಡುವೆ ಒಂದು ಕಪ್ಪು ಬೊಟ್ಟು ಇರುತ್ತಿತ್ತು, ನೆನಪಿದೆಯಾ? ಚಿಕ್ಕವನಿದ್ದಾಗ ನಾನು ಅದನ್ನು ದೃಷ್ಟಿಬೊಟ್ಟು ಅಂದುಕೊಂಡಿದ್ದೆ. ಎದುರಿನವರ ಕಣ್ಣಿಗೆ ಹೊಡೆಯುವ ಬೆಳಕನ್ನು ಕಡಿಮೆ ಮಾಡಲು ಅದು. ಹಾಗೆ ನೋಡಿದರೆ ದೃಷ್ಟಿಬೊಟ್ಟೇ ಸರಿ.

ಹ್ಯಾಲೊಜೆನ್ ಲ್ಯಾಂಪಿನ ಒಳಗಿನ ಹೊಳೆಯುವ ಬಟ್ಟಲು ಇದೆಯಲ್ಲ, ಅದರ ಆಕಾರವನ್ನು ಬಲ್ಬಿನ ತಂತಿ ಇಂಥ ಜಾಗದಲ್ಲೇ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ಡಿಪ್ ಮಾಡಿದಾಗ ಬೆಳಕು ಒಂದು ಗೆರೆಯ ಕೆಳಗೇ ನಿಲ್ಲುವುದು ಆ ಲೆಕ್ಕದಿಂದ. ಅಂಗಡಿಯಿಂದ ತಂದ ಎಲ್‌ಇಡಿ ಬಲ್ಬನ್ನು ಅದೇ ಬಟ್ಟಲಿಗೆ ತುರುಕಿದರೆ ಬೆಳಕು ಹುಟ್ಟುವ ಜಾಗ, ಆಕಾರ ಎರಡೂ ಬದಲಾಗುತ್ತವೆ. ಗೆರೆ ಅಳಿಸಿಹೋಗುತ್ತದೆ. ಆಮೇಲೆ ಪಾಪ, ಆ ಮನುಷ್ಯ ಡಿಪ್ ಮಾಡಿದರೂ ಒಂದೇ, ಮಾಡದಿದ್ದರೂ ಒಂದೇ. ಕಂಪನಿಯಿಂದಲೇ ಎಲ್‌ಇಡಿ ಬಂದ ಗಾಡಿಗೂ ಹೊರಗಿನಿಂದ ಹಾಕಿಸಿದ ಗಾಡಿಗೂ ಇರುವ ವ್ಯತ್ಯಾಸ ಇದು. ಕೇಸು ಹಾಕುವಾಗ ಬೆಳಕು ಬಿಳಿಯೋ ಹಳದಿಯೋ ಅಂತ ನೋಡುವುದಕ್ಕಿಂತ ಒಂದು ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಡಿಪ್ ಮಾಡಿಸಿ ನೋಡುವುದು ಒಳ್ಳೆಯದು. ಗೋಡೆಯ ಮೇಲೆ ಗೆರೆ ಕಾಣುತ್ತದೋ ಇಲ್ಲವೋ ಯಾರಿಗಾದರೂ ಗೊತ್ತಾಗುತ್ತದೆ.

ಆದರೂ ಘಾಟಿಯಲ್ಲಿ ಗೆರೆ ಇದ್ದರೂ ಸಾಲದು. ಇಲ್ಲಿ ಬಯಲುಸೀಮೆಯ ನ್ಯಾಯ ನಡೆಯುವುದಿಲ್ಲ. ಶಿರಾಡಿಯಲ್ಲಿ ಏರು ಹತ್ತುವ ಗಾಡಿಯ ಮೂತಿಯೇ ಮೇಲಕ್ಕೆ ಇರುತ್ತದೆ. ಏರಿನ ತುದಿಗೆ ಬಂದಾಗ ಡಿಪ್ ಮಾಡಿದ ಬೆಳಕೂ ಆ ಕಡೆಯಿಂದ ಬರುವವರ ಕಣ್ಣಿಗೇ ಹೊಡೆಯುತ್ತದೆ. ತಿರುವಿನಲ್ಲಿ ಬೆಳಕು ರಸ್ತೆ ಬಿಟ್ಟು ಎದುರಿನವರ ಮುಖದ ಮೇಲೆ ಗುಡಿಸಿಕೊಂಡು ಹೋಗುತ್ತದೆ. ಅದರ ಮೇಲೆ ಈಗಿನ ಎತ್ತರದ ಗಾಡಿಗಳು. ಅವುಗಳ ಲ್ಯಾಂಪು ಸ್ಕೂಟರಿನವರ ಎದೆಯ ಮಟ್ಟಕ್ಕೆ. ನಾಲ್ಕು ಪಥದ ಹೆದ್ದಾರಿಯ ನಡುವೆ ಕಣಗಿಲೆ, ಕಾಗದದ ಹೂವಿನ ಗಿಡ ಸಾಲಾಗಿ ನೆಟ್ಟಿರುತ್ತಾರಲ್ಲ, ಅದು ಬರೀ ಅಂದಕ್ಕಲ್ಲ. ಆ ಕಡೆಯ ಲೈಟು ಈ ಕಡೆಗೆ ಬೀಳದಿರಲಿ ಅಂತಲೂ ಹೌದು. ಚಾರ್ಮಾಡಿಯಲ್ಲಿ ಎಲ್ಲಿ ನೆಡುತ್ತೀರಿ? ಎರಡು ಬಸ್ಸು ದಾಟಲೇ ಜಾಗ ಇಲ್ಲ.

ಆನೆಯ ವಿಷಯ ಬೇರೆ ಇದೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರಿಗೆ ಇದು ದಿನದ ಮಾತು. ಇಂಥ ತೋಟದಲ್ಲಿ ಆನೆ ಇದೆ ಅಂತ ಮೊಬೈಲಿಗೆ ಮೆಸೇಜು ಬರುತ್ತದೆ. ಆದರೂ ಹೊರಗಿನವರು ಕೇಳುತ್ತಾರೆ, ಅಷ್ಟು ದೊಡ್ಡ ಪ್ರಾಣಿ ಹೇಗೆ ಕಾಣಲ್ಲ ಅಂತ. ಡಿಪ್ ಮಾಡಿದ ಬೆಳಕಿನಲ್ಲಿ ದೂರದ ಆನೆಯ ಕಾಲು ಮಾತ್ರ ಕಾಣುತ್ತದೆ. ಮಣ್ಣು ಮೆತ್ತಿಕೊಂಡ ನಾಲ್ಕು ಕಾಲು ರಸ್ತೆ ಪಕ್ಕದ ಸಿಲ್ವರ್ ಓಕ್ ಕಾಂಡದ ಹಾಗೇ ಇರುತ್ತದೆ. ದನ, ನಾಯಿ, ಚಿರತೆಗಳ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇದೆ, ಲೈಟಿಗೆ ಹೊಳೆದು ನಮಗೆ ಮೊದಲೇ ಸುಳಿವು ಕೊಡುತ್ತದೆ. ಆನೆಯ ಕಣ್ಣು ನಮ್ಮ ಬೆಳಕಿನ ಗೆರೆಗಿಂತ ಎಷ್ಟೋ ಮೇಲೆ ಇರುತ್ತದೆ. ಇಂಥ ಜಾಗದಲ್ಲಿ ಯಾರೂ ಎದುರಿಗೆ ಇಲ್ಲದಾಗ ಹೈಬೀಮ್ ಹಾಕಬೇಕಾದ್ದೇ. ಹೈಬೀಮ್ ಹಾಕುವುದೇ ತಪ್ಪು ಅನ್ನುವವರು ಒಂದು ರಾತ್ರಿ ಇಲ್ಲಿ ಓಡಿಸಿ ನೋಡಲಿ. ತಪ್ಪು ಇರುವುದು ಇಳಿಸದಿರುವುದರಲ್ಲಿ.

ನಮ್ಮ ಡ್ರೈವರ್ ಅಣ್ಣನ ಒಂದು ಕಣ್ಣಿನ ಉಪಾಯಕ್ಕೆ ವಾಪಸ್ ಬರುತ್ತೇನೆ. ಅದು ಕೆಲಸ ಮಾಡುತ್ತದೆ, ಕಾರಣವೂ ಚೆನ್ನಾಗಿದೆ. ಒಂದು ಕಣ್ಣಿಗೆ ಬೆಳಕು ಬಿದ್ದರೆ ಎರಡೂ ಕಣ್ಣಿನ ಪಾಪೆ ಒಟ್ಟಿಗೇ ಕಿರಿದಾಗುತ್ತವೆ. ಆದರೆ ರಾಡ್‌ಗಳ ಲೆಕ್ಕ ಕಣ್ಣಿಗೊಂದು ಬೇರೆ. ಮುಚ್ಚಿದ ಕಣ್ಣಿನ ಬೋನುಗಳು ಹೂಡಿದ ಹಾಗೇ ಇರುತ್ತವೆ. ಆದರೆ ನಾನು ಇದನ್ನು ಯಾರಿಗೂ ಹೇಳಿಕೊಡುವುದಿಲ್ಲ. ಒಂದೇ ಕಣ್ಣಿನಲ್ಲಿ ನೋಟದ ಅಗಲ ಕಡಿಮೆ. ಮುಚ್ಚಿದ್ದು ಎಡಗಣ್ಣೇ ಆದರೆ ಅಷ್ಟು ಹೊತ್ತು ಅಜ್ಜ ನಡೆಯುತ್ತಿದ್ದ ಅಂಚಿನ ಕಡೆಯೇ ನೋಟ ಕಡಿಮೆ.

ಇದಕ್ಕಿಂತ ಸುಲಭದ್ದು, ಎದುರಿನ ಲೈಟನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆಯನ್ನೋ ಸುಣ್ಣ ಬಳಿದ ಕಲ್ಲನ್ನೋ ನೋಡುವುದು. ಹಳೆಯ ಡ್ರೈವರುಗಳು ಹೇಳುವ ಮಾತೇ ಇದು. ಕಣ್ಣೊಳಗೆ ಹರಡುವ ಆ ಬಿಳಿ ಪರದೆ, ನೋಡುವ ಜಾಗದಿಂದ ಲೈಟು ದೂರ ಆದಷ್ಟೂ ಬೇಗ ತೆಳುವಾಗುತ್ತದೆ. ನೋಡುವ ಜಾಗಕ್ಕೂ ಲೈಟಿಗೂ ನಡುವಿನ ಕೋನ ಎರಡು ಪಟ್ಟಾದರೆ ಪರದೆ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಜೊತೆಗೆ ಗಾಜು ಒರೆಸಿ. ವೈಪರ್ ಗೀರಿದ ಗಾಜು, ಒಳಗೆ ಮಂಜು ಹಿಡಿದ ಗಾಜು, ಎರಡೂ ಪೊರೆ ಬಂದ ಕಣ್ಣಿನ ಕೆಲಸವನ್ನೇ ಮಾಡುತ್ತವೆ. ಮುಂಜಾನೆ ಕತ್ತಲೆಯಲ್ಲಿ ತೋಟಕ್ಕೆ ನಡೆಯುವವರ ಕೊಪ್ಪೆಗೆ, ಜರ್ಕಿನ್ನಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿದರೆ ಅರ್ಧ ಕೆಲಸ ಮುಗಿದಂತೆ. ಆ ಪಟ್ಟಿ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಎಸ್ಟೇಟಿನವರು ಕಂಬಳಿ, ಛತ್ರಿ ಕೊಡುವಾಗ ಇದನ್ನೂ ಕೊಡಬಹುದು.

ಮೊನ್ನೆ ಆ ಅಣ್ಣ ಸಿಕ್ಕಿದ್ದರು. ಅವರ ಜೀಪಿಗೂ ಹೊರಗಿನಿಂದ ಹಾಕಿಸಿದ ಎಲ್‌ಇಡಿ ಬಲ್ಬೇ ಇತ್ತು, ಆ ರಾತ್ರಿ ನಾನು ಗಮನಿಸಿರಲಿಲ್ಲ. ಗೋಡೆಯ ಮುಂದೆ ನಿಲ್ಲಿಸಿ ಡಿಪ್ ಮಾಡಿ ನೋಡಿದರಂತೆ. ಗೆರೆ ಇರಲಿಲ್ಲವಂತೆ. ತೆಗೆಸಿ ಹಳೆಯ ಹ್ಯಾಲೊಜೆನ್ ಹಾಕಿಸಿದ್ದಾರೆ.

"ಏನೂ ಕಾಣಲ್ಲ ಅನ್ಸುತ್ತೆ ಮೇಷ್ಟ್ರೇ, ಪೇಟೆ ದಾಟಿ ಒಂದು ಹತ್ತು ನಿಮಿಷ" ಅಂದರು. "ಆಮೇಲೆ ಕಾಣುತ್ತೆ."